ಮಳೆಯಿಲ್ಲದ ನಲವತ್ತು ಸೆಕೆಂಡು

ಹೋದ ತಿಂಗಳು ಮಾಟುಂಗದಲ್ಲಿ ಚಿಕ್ಕಪ್ಪನ ಮಗಳ ಮದುವೆಯಿತ್ತು. ಹಾಲ್ ಹಳೆಯದು, ಊಟ ಬಾಳೆಎಲೆಯದು, ಆದರೆ ಮದುಮಕ್ಕಳು ಒಳಗೆ ಬರುವ ಬಾಗಿಲಲ್ಲಿ ಯಾರೋ ಒಂದು ಹೊಗೆ ಯಂತ್ರ ಇಟ್ಟಿದ್ದರು. ಬುಸ್ಸೆಂದು ಬಿಳಿ ಹೊಗೆ ಎದ್ದು ಮೊದಲ ಸಾಲಿನ ಹಿರಿಯರೆಲ್ಲ ಕೆಮ್ಮಿದರು. "ಹೋಮದ ಹೊಗಿ ಸಾಲಲಿಲ್ಲೇನ್ ಇವರಿಗೆ?" ಎಂದು ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅಕ್ಕಪಕ್ಕದವರು ನಕ್ಕರು. ನನಗೆ ನಗು ಬರಲಿಲ್ಲ. ಸುಟ್ಟ ಸಕ್ಕರೆಗೆ ಅಗ್ಗದ ಸಾಬೂನು ಕಲಸಿದಂಥ ಆ ವಾಸನೆಯನ್ನು ನಾನು ಒಂದಿಡೀ ಮಳೆಗಾಲ ಅಂಗಿಯ ತುಂಬ ಹೊತ್ತು ತಿರುಗಿದ್ದೆ. ಅಕ್ಷತೆಯನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಮದುವೆ ಒಳಗೆ ನಡೆದುಹೋಯಿತು.

ಕೊರೋನಾ ಮುಗಿದು ಶೋಗಳು ಮತ್ತೆ ಶುರುವಾದ ಮೇಲಿನ ಎರಡನೆಯ ಮಳೆಗಾಲ ಅದು. ನನಗಾಗ ಇಪ್ಪತ್ತಾರು. ಅಂಧೇರಿಯ ಒಂದು ಆಫೀಸಿನಲ್ಲಿ, ಏರ್ ಕೂಲರ್ ಕೆಟ್ಟಿತೆಂದು ಜನ ಬರೆಯುವ ದೂರುಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಮುಲುಂಡಿನಿಂದ ಘಾಟ್ಕೋಪರ್‌ವರೆಗೆ ಲೋಕಲ್, ಅಲ್ಲಿಂದ ಮೆಟ್ರೋ. ದಿನವಿಡೀ "ತಮಗಾದ ತೊಂದರೆಗೆ ಕ್ಷಮೆ ಕೋರುತ್ತೇವೆ" ಎಂದು ಬರೆದು ಬರೆದು, ಸಂಜೆ ಯಾರಾದರೂ ಕಾಲು ತುಳಿದರೂ ನಾನೇ ಸಾರಿ ಅನ್ನುತ್ತಿದ್ದೆ. ಹೇಳಿಕೊಳ್ಳುವಂಥ ಸ್ನೇಹಿತರಿರಲಿಲ್ಲ. ಇದ್ದದ್ದು ಒಂದು ಬ್ಯಾಂಡು.

ಹೆಸರು 'ಸೀಲನ್'. ಮಳೆಗಾಲದಲ್ಲಿ ಮುಂಬಯಿಯ ಗೋಡೆಗಳಿಗೆ ಹಿಡಿಯುವ ತೇವಕ್ಕೆ ಇಲ್ಲಿ ಹಾಗನ್ನುತ್ತಾರೆ. ಇಬ್ಬರೇ ಇಬ್ಬರು. ಜೂಡ್ ಎನ್ನುವವನು ತಂತಿಗಳ ಗೋಜಲಿನಲ್ಲಿ ನಾಲ್ಕಾರು ಯಂತ್ರಗಳನ್ನಿಟ್ಟುಕೊಂಡು ಬಗ್ಗಿ ನಿಂತಿರುತ್ತಿದ್ದ, ಇರಾ ಹಾಡುತ್ತಿದ್ದಳು. ಅವಳ ದನಿ ಯಂತ್ರದೊಳಗೆ ಹೋಗಿ ಎರಡಾಗಿ ನಾಲ್ಕಾಗಿ ಹೊರಗೆ ಬರುತ್ತಿತ್ತು. ಲಿಫ್ಟಿನ ಬಾಗಿಲು, ನೀರಿನ ಪಂಪು, ಪಕ್ಕದ ಮನೆಯ ಕುಕ್ಕರು, ಎಲ್ಲವೂ ಹಾಡಿನಲ್ಲಿ ಎಲ್ಲೋ ಒಂದು ಕಡೆ ಇರುತ್ತಿದ್ದವು. ಅಮ್ಮನಿಗೆ ಒಮ್ಮೆ ಕೇಳಿಸಿದೆ. ಪೂರ್ತಿ ಕೇಳಿ, "ನಮ್ಮ ಬಿಲ್ಡಿಂಗಿನ ಪಂಪ್ ಕೆಟ್ಟಾಗ ಹಿಂಗ ಸಪ್ಪಳಾ ಬರ್ತದ. ಅದಕ್ಕ ಟಿಕೀಟ್ ಬ್ಯಾರೆ ತಗೋತೀ?" ಅಂದಳು. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಕೆಟ್ಟ ಪಂಪಿನ ಸಪ್ಪಳದಲ್ಲೇ ಇಪ್ಪತ್ತಾರು ವರ್ಷ ಬದುಕಿದವನಿಗೆ, ಅದನ್ನು ಯಾರೋ ಕಿವಿಗೊಟ್ಟು ಕೇಳಿದ್ದಾರೆ ಎನ್ನುವುದೇ ದೊಡ್ಡ ಸಮಾಧಾನವಾಗಿತ್ತು.

ಬ್ಯಾಂಡಿಗೆ ನಲವತ್ತೈವತ್ತು ಖಾಯಂ ಅಭಿಮಾನಿಗಳು. ಫೋನಿನಲ್ಲಿ ನಮ್ಮದೊಂದು ಗ್ರೂಪು. ಹೆಚ್ಚಿನವರು ಬಾಂದ್ರಾದವರು, ಇಲ್ಲವೇ ಟೌನ್ ಎನ್ನುವ ದಕ್ಷಿಣ ಮುಂಬಯಿಯವರು. ಯಾರು ಎಷ್ಟು ಶೋ ನೋಡಿದ್ದಾರೆ, ಯಾವ ಹಾಡನ್ನು ಬಿಡುಗಡೆಗೆ ಮುಂಚೆಯೇ ಕೇಳಿದ್ದಾರೆ ಎನ್ನುವುದರ ಮೇಲೆ ಅಲ್ಲಿ ಮಾನಮರ್ಯಾದೆ. ನಾನು 'ಮುಲುಂಡ್‌ವಾಲಾ ಗಿರಿ'. ನಗರದ ಅಂಚಿನ ಮುಲುಂಡಿಗೆ ಹೋಗಲು ವೀಸಾ ಬೇಕೇ ಎನ್ನುವ ಜೋಕು ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಆ ವರ್ಷ ಸೀಲನ್ ತಿಂಗಳಿಗೊಂದು ಹಾಡು ಬಿಡುತ್ತಿತ್ತು. ಶುಕ್ರವಾರ ಬೆಳಿಗ್ಗೆ ಲೋಕಲ್‌ನಲ್ಲಿ ಒಂಟಿಕಾಲಲ್ಲಿ ನಿಂತು ಕೇಳಿ, ಘಾಟ್ಕೋಪರ್ ಬರುವುದರೊಳಗೆ ಗ್ರೂಪಿನಲ್ಲಿ ಅಭಿಪ್ರಾಯ ಬರೆದಿರಬೇಕು. ತಡವಾದರೆ ಯಾರೂ ಓದುತ್ತಿರಲಿಲ್ಲ.

ಅವರ ಶೋಗಳಲ್ಲಿ ಒಂದು ಪದ್ಧತಿಯಿತ್ತು. ಇನ್ನೂ ಬಿಡುಗಡೆಯಾಗದ, ಹೆಸರೂ ಇಡದ ಹಾಡನ್ನು ಹಾಡುವ ಮುಂಚೆ ಇರಾ ಕೈ ಎತ್ತುತ್ತಿದ್ದಳು. ಅಷ್ಟೇ. ಎಲ್ಲರ ಫೋನೂ ಜೇಬಿಗೆ ಹೋಗುತ್ತಿತ್ತು. ಕಾವಲಿಲ್ಲ, ತಪಾಸಣೆಯಿಲ್ಲ. ಮುನ್ನೂರು ಜನ ಒಂದು ಹಾಡನ್ನು ತಲೆಯಲ್ಲಿ ಮಾತ್ರ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದರು. ದೇವಸ್ಥಾನದಲ್ಲೂ ಫೋನ್ ಒಳಗಿಡದ ಜನ ಇಲ್ಲಿ ಇಡುತ್ತಿದ್ದರು.

ಶೋ ನಡೆಯುತ್ತಿದ್ದುದು ಅಂಧೇರಿ ಪೂರ್ವದ ಒಂದು ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡಿನಲ್ಲಿ, ಭಾನುವಾರ ಸಂಜೆ ಐದಕ್ಕೆ. ಮೇಲೆ ತಗಡಿನ ಚಾವಣಿ, ಒಳಗೆಲ್ಲ ಹೊಗೆ ಯಂತ್ರದ ಬಿಳಿ ಹೊಗೆ. ಜೂನ್ ತಿಂಗಳ ಶೋನಲ್ಲಿ ನನಗೆ ಜಾಗ ಸಿಕ್ಕಿದ್ದು ಎಲ್ಲಕ್ಕಿಂತ ಹಿಂದೆ, ಸೌಂಡ್ ಮೇಜಿನ ಪಕ್ಕ. ಹಾಡು ಶುರುವಾಗುವ ಮುಂಚೆ ಸ್ಪೀಕರುಗಳಿಂದ ಗುಂಯ್ ಎನ್ನುವ ಸಣ್ಣ ಸದ್ದು. ಮೇಜಿನ ಹಿಂದಿನಿಂದ ಒಂದು ದನಿ, "ಇದರೌವ್ನ, ಮತ್ತ ಗುಂಯ್ ಅನ್ನಾಕತ್ತೈತಿ!" ಅಂದಿತು. ನಾನು ಗಕ್ಕನೆ ತಿರುಗಿದೆ.

"ನೀವು ಕನ್ನಡದವರೇನ್ರಿ?"

"ಅಲ್ಲ, ನಾ ಚೀನಾದಾಂವ," ಅಂದರು ಅವರು, ತಲೆ ಎತ್ತದೆ. ಸದ್ದು ನಿಂತ ಮೇಲೆ ಎತ್ತಿದರು. "ಬಿಜಾಪುರ. ನೀ ಯಾವೂರಾಂವ ತಮ್ಮಾ?"

ಅವರು ರಫೀಕ್ ಭಾಯ್. ನಲವತ್ತರ ಹತ್ತಿರದ ವಯಸ್ಸು, ಗಡ್ಡದಲ್ಲಿ ನಾಲ್ಕು ಬಿಳಿ ಕೂದಲು, ಕತ್ತಿನಲ್ಲಿ ಸದಾ ಹೆಡ್‌ಫೋನು. ಕುರ್ಲಾದಲ್ಲಿ ಹೆಂಡತಿ, ಮಗಳೊಂದಿಗೆ ವಾಸ. ಸೌಂಡ್ ಸಾಮಾನು ಬಾಡಿಗೆಗೆ ಕೊಡುವ ಒಂದು ಸಣ್ಣ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಇದ್ದರು. ಅದರಲ್ಲಿ ಒಂಬತ್ತು ವರ್ಷ ಟೆಂಪೋದಿಂದ ಪೆಟ್ಟಿಗೆ ಇಳಿಸಿ, ಕೇಬಲ್ ಎಳೆದು, ಸ್ಪೀಕರ್ ಹೊತ್ತಿದ್ದೇ ಆಯಿತು. ಮೇಜಿನ ಮುಂದೆ ಕೂತು ಹಾಡಿನ ಏರಿಳಿತವನ್ನು ಬೆರಳಲ್ಲಿ ಹಿಡಿಯುವ ಕೆಲಸ ಸಿಕ್ಕಿ ಎರಡೇ ವರ್ಷ. ಈ ಧಂದೆಯಲ್ಲಿ ಅದನ್ನು 'ಡೆಸ್ಕ್ ಮೇಲೆ ಕೂರುವುದು' ಅನ್ನುತ್ತಾರೆ. "ನಾ ಡೆಸ್ಕ್ ಮ್ಯಾಲ ಕುಂತ ದಿನ ನಮ್ಮನ್ಯಾಗ ಶೀರಖುರ್ಮಾ ಮಾಡಿದ್ರು, ಈದ್ ಇರಲಿಲ್ಲ ಏನಿರಲಿಲ್ಲ," ಎಂದು ಒಮ್ಮೆ ಹೇಳಿದ್ದರು.

ಅಂದಿನಿಂದ ಶೋ ಮುಗಿದ ಮೇಲೂ ನಾನು ಉಳಿಯತೊಡಗಿದೆ. ರಫೀಕ್ ಭಾಯ್ ನನಗೆ ಕೇಬಲ್ ಸುತ್ತಲು ಕಲಿಸಿದರು. ಒಂದು ಸುತ್ತು ಹೊರಗಿನಿಂದ, ಮುಂದಿನ ಸುತ್ತು ಒಳಗಿನಿಂದ. ಹಾಗೆ ಸುತ್ತಿದರೆ ಒಂದು ತುದಿ ಹಿಡಿದು ಎಸೆದಾಗ ಗಂಟಿಲ್ಲದೆ ಬಿಚ್ಚಿಕೊಳ್ಳುತ್ತದೆ. ನಾನು ಮೊದಲ ದಿನ ಮೊಣಕೈಗೆ ಹಗ್ಗ ಸುತ್ತಿದಂತೆ ಸುತ್ತಿದೆ. "ಎಮ್ಮಿ ಕಟ್ಟಾಕ ಬಂದೀಯೇನು?" ಎಂದು ಬಿಚ್ಚಿಸಿದರು. ಆಮೇಲೆ ಟೆಂಪೋದ ಹಿಂಬದಿಯಲ್ಲಿ ಕೂತು ಇಬ್ಬರೂ ಚಹಾ ಕುಡಿಯುವುದು. ಹಾಡಿನ ಬಗ್ಗೆ ಗ್ರೂಪಿನ ಪಂಡಿತರು ಯಾರೂ ಹೇಳದ ಮಾತನ್ನು ಅವರು ಹೇಳುತ್ತಿದ್ದರು. "ಆ ಹುಡುಗಿ ಹಾಡೂ ಮುಂಚೆ ಒಂದು ಉಸಿರು ತಗೋತಾಳ ನೋಡು, ಅದನ್ನ ಜೂಡ್ ತಗೀ ಅಂತಾನ. ನಾ ತಗಿಯಾಂಗಿಲ್ಲ. ಉಸಿರು ತಗದ್ರ ಉಳೀತೇನು?" ಮುಂಬಯಿಯಲ್ಲಿ ಹುಟ್ಟಿ ಬೆಳೆದ ನನಗೆ, ಮನೆಯಾಚೆ ಯಾರೊಂದಿಗಾದರೂ ಕನ್ನಡದಲ್ಲಿ ಇಷ್ಟು ಮಾತಾಡಿದ್ದು ಅದೇ ಮೊದಲು. ಆ ಎರಡು ತಿಂಗಳು ನಾನು ಸುಖವಾಗಿದ್ದೆ. ಹೇಳಲು ಸಂಕೋಚವೇನಿಲ್ಲ.

ಆಗಸ್ಟ್ ತಿಂಗಳ ಶೋ ದಿನ ಬೆಳಿಗ್ಗೆಯಿಂದ ಮಳೆ. ಹೊಸ ಹಾಡಿದೆ, ಇದುವರೆಗಿನದರಲ್ಲೇ ಒಳ್ಳೆಯದು ಎಂದು ರಫೀಕ್ ಭಾಯ್ ಮೊದಲೇ ಹೇಳಿದ್ದರು. ಹಳಿ ದುರಸ್ತಿಗೆಂದು ರೈಲು ಕಡಿಮೆ ಮಾಡುವ ಭಾನುವಾರದ ಮೆಗಾಬ್ಲಾಕು ಬೇರೆ. ಎರಡು ಗಂಟೆಗೇ ಮನೆ ಬಿಟ್ಟೆ. ಭಾಂಡುಪ್ ದಾಟಿ ಸ್ವಲ್ಪ ದೂರ ಹೋದ ಮೇಲೆ ಲೋಕಲ್ ನಿಂತಿತು. ಹಳಿಯ ಮೇಲೆ ನೀರು. ಒಂದು ಗಂಟೆ, ಎರಡು ಗಂಟೆ. ಯಾರೋ ಚಕ್ಕುಲಿ ಹಂಚಿದರು, ಯಾರೋ ಭಜನೆ ಶುರುಮಾಡಿ ತಾವೇ ಬೇಸತ್ತು ನಿಲ್ಲಿಸಿದರು. ಐದು ಗಂಟೆಗೆ ಗ್ರೂಪಿನಲ್ಲಿ ವೇದಿಕೆಯ ಫೋಟೋ ಬಂತು. ಕೊನೆಗೆ ಪ್ಯಾಂಟು ಮಡಚಿ ಹಳಿಗೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಡೆದು ರಸ್ತೆಗೆ ಬಂದು, ಎರಡು ರಿಕ್ಷಾ ಬದಲಿಸಿ ಶೆಡ್ ಮುಟ್ಟಿದಾಗ ಜನ ಕೊಡೆ ಬಿಚ್ಚಿಕೊಂಡು ಹೊರಗೆ ಬರುತ್ತಿದ್ದರು. ಎಲ್ಲರ ಮುಖದಲ್ಲೂ ಏನೋ ಸಿಕ್ಕಿದ ಕಳೆ. ಚಾವಣಿಯ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ಕಿರುಚಿ ಮಾತಾಡಬೇಕಿತ್ತು. ಆ ಸದ್ದಿನೊಂದಿಗೇ ಹಾಡು ಕೇಳಿದ್ದು ಅದ್ಭುತ, ಇನ್ನೊಮ್ಮೆ ಹಾಗಾಗದು ಎಂದು ಒಬ್ಬ ಹೇಳಿದ. ಅವನನ್ನು ಹೊಡೆಯಬೇಕೆನ್ನಿಸಿತು.

ರಫೀಕ್ ಭಾಯ್ ನನ್ನ ಅವತಾರ ನೋಡಿ ನಗಲಿಲ್ಲ. ಟೆಂಪೋದ ಹಿಂದೆ ಕೂರಿಸಿ, ಸ್ಪೀಕರಿಗೆ ಮುಚ್ಚುವ ಬಟ್ಟೆ ಹೊದಿಸಿದರು. ಪ್ರತಿ ಶೋವನ್ನೂ ಸೌಂಡ್ ಮೇಜಿನಿಂದ ನೇರವಾಗಿ ಪೆನ್‌ಡ್ರೈವಿಗೆ ಇಳಿಸಿಕೊಂಡು, ಮರುದಿನ ಜೂಡ್‌ಗೆ ಮುಟ್ಟಿಸುವುದು ಅವರ ಜವಾಬ್ದಾರಿ. ಅದು ಇನ್ನೊಬ್ಬರ ಕಿವಿಗೆ ಬೀಳಬಾರದು. ಇದು ನನಗೂ ಗೊತ್ತಿತ್ತು.

"ಭಾಯ್, ಒಂದ್ ಸಲ ಕೇಳಸ್ರಿ."

ಅವರು ಟೆಂಪೋದ ಆಚೀಚೆ ಯಾರಾದರೂ ಇದ್ದಾರೇನೋ ಎಂದು ಬಗ್ಗಿ ನೋಡಿದರು. ಆಮೇಲೆ ಲ್ಯಾಪ್‌ಟಾಪ್ ತೆಗೆದು, ತಮ್ಮ ಹೆಡ್‌ಫೋನನ್ನು ನನ್ನ ಒದ್ದೆ ತಲೆಗೆ ಇಟ್ಟರು. ಹಾಡು ಐದು ನಿಮಿಷದ್ದು. ಮುಗಿದಾಗ ನಾನು ಅಳುತ್ತಿದ್ದೆ. ಸುಸ್ತಿಗೋ, ಹಾಡಿಗೋ, ಎರಡಕ್ಕೂ ಇರಬೇಕು. ಫೋನಿಗೆ ಹಾಕಿಕೊಡಿ ಎಂದು ನಾನು ಬಾಯಿ ಬಿಟ್ಟು ಕೇಳಲೂ ಇಲ್ಲ. ಅವರೇ ನನ್ನ ಫೋನ್ ಇಸಿದುಕೊಂಡರು.

"ಇದು ನನ್ನ ರೊಟ್ಟಿ ಐತಿ ತಮ್ಮಾ," ಅಂದರು ಕೊಡುವಾಗ. "ನೀನಽ ಕೇಳು. ನಿಮ್ಮವ್ವಗೂ ಕೇಳಸಬ್ಯಾಡ."

ಎಂಟು ದಿನ ನಾನೇ ಕೇಳಿದೆ. ಒಂಬತ್ತನೆಯ ದಿನ ಗ್ರೂಪಿನಲ್ಲಿ ಅದೇ ಹಾಡಿನ ಚರ್ಚೆ. ಮಧ್ಯದಲ್ಲಿ ಇರಾ ಏನು ಹಾಡಿದಳೆಂದು ತಲೆಗೊಂದು ಮಾತು. ಎಲ್ಲರೂ ಹೇಳುತ್ತಿದ್ದುದು ತಪ್ಪು. ನಾನು ತಿದ್ದಿದೆ. "ನೀನು ಬಂದೇ ಇರಲಿಲ್ಲವಲ್ಲ ಗಿರಿ, ಮುಲುಂಡಿನವರೆಗೆ ಕೇಳಿಸಿತೇ?" ಎಂದು ಒಬ್ಬಳು ಬರೆದಳು. ಅದರ ಕೆಳಗೆ ನಗುವ ಮುಖಗಳ ಸಾಲು. ನಾನು ಆಫೀಸಿನ ಕ್ಯಾಂಟೀನಿನಲ್ಲಿ ಕೂತಿದ್ದೆ, ಎದುರಿಗೆ ಅರ್ಧ ತಿಂದ ವಡಾಪಾವ್. ಹಾಡಿನ ನಡುವಿನಿಂದ ನಲವತ್ತು ಸೆಕೆಂಡು ಕತ್ತರಿಸಿ ಗ್ರೂಪಿಗೆ ಹಾಕಿಬಿಟ್ಟೆ. ಯಾರು ರೆಕಾರ್ಡ್ ಮಾಡಿದ್ದೆಂದು ಕೇಳಿದರೆ, ಗುಂಪಿನಲ್ಲಿ ಯಾರೋ ಜೇಬಿನಲ್ಲೇ ಫೋನ್ ಆನ್ ಇಟ್ಟಿದ್ದರೆಂದು ಹೇಳಿದರಾಯಿತು ಎಂಬ ಜಾಣತನವನ್ನೂ ಹೂಡಿಕೊಂಡಿದ್ದೆ. ಆರು ನಿಮಿಷದ ಮೇಲೆ ಹೆದರಿಕೆಯಾಗಿ ಅಳಿಸಿದೆ. ಅಷ್ಟರಲ್ಲಿ ಅದು ಹೋಗಬೇಕಾದ ಕಡೆಗೆಲ್ಲ ಹೋಗಿಯಾಗಿತ್ತು. ಎರಡು ದಿನದಲ್ಲಿ ಕಂಡಕಂಡವರೆಲ್ಲ ತಮ್ಮ ಕಿಟಕಿಯ ಮಳೆ, ಮರೀನ್ ಡ್ರೈವಿನ ಅಲೆ, ಬೆಕ್ಕು, ಎಲ್ಲದರ ವಿಡಿಯೋಗಳಿಗೂ ಆ ನಲವತ್ತು ಸೆಕೆಂಡು ಅಂಟಿಸುತ್ತಿದ್ದರು.

ಮೂರನೆಯ ದಿನ, ಗ್ರೂಪಿನಲ್ಲಿಲ್ಲದ ಜೂಡ್ ನಮ್ಮಲ್ಲೊಬ್ಬರ ಮೂಲಕ ಅಲ್ಲಿಗೆ ಒಂದೇ ಒಂದು ಸಾಲು ಕಳಿಸಿದ. "ಇದರಲ್ಲಿ ಮಳೆಯಿಲ್ಲ."

ಓದಿದೊಡನೆ ನನಗೆ ಅರ್ಥವಾಯಿತು. ಆ ದಿನ ಶೆಡ್ಡಿನೊಳಗೆ ಯಾವ ಫೋನು ಏನನ್ನು ಹಿಡಿದಿದ್ದರೂ ಅದರಲ್ಲಿ ತಗಡಿನ ಮೇಲಿನ ಮಳೆಯ ಸದ್ದು ಇರಲೇಬೇಕಿತ್ತು. ಮಳೆ ಸೇರದ ಜಾಗ ಒಂದೇ, ತಂತಿಯಲ್ಲೇ ಹಾಡು ಬಂದು ಇಳಿಯುವ ರಫೀಕ್ ಭಾಯ್ ಅವರ ಮೇಜು. ಅಂದು ಶೆಡ್ಡಿನಲ್ಲಿ ಇದ್ದವರಾಗಿದ್ದರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಹಾಡನ್ನು ಮಳೆಯೊಂದಿಗೆ ಕೇಳದೇ ಇದ್ದವನು ನಾನೊಬ್ಬನೇ.

ಮರುದಿನ ಅವರ ಫೋನ್ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ.

"ತಮ್ಮಾ, ನೀ ಯಾರಿಗೂ ಕೊಟ್ಟಿಲ್ಲ ಹೌದಿಲ್ಲೋ?"

"ಇಲ್ಲ ಭಾಯ್."

"ನನಗ್ಗೊತ್ತಿತ್ತು. ಸುಮ್ನ ಕೇಳಿದೆ. ಹಂಗಾರ ನಾನಽ ಪೆನ್‌ಡ್ರೈವ್ ಎಲ್ಲೋ ಬಿಟ್ಟಿರಬೇಕು. ಇಲ್ಲಾ ಟೆಂಪೋದಾಗ ಯಾರರ ಲ್ಯಾಪ್‌ಟಾಪ್ ತಗದಾರ." ಅದೇ ದನಿಯಲ್ಲಿ, "ಸೇಠ್ ನಾಳಿಂದ ಬರಬ್ಯಾಡ ಅಂದಾನ," ಅಂದರು.

ದಿನಕ್ಕೆ ಅರವತ್ತು ಸಲ ಗುರುತಿಲ್ಲದವರ ಕ್ಷಮೆ ಕೇಳುವ ನಾನು ಆಗ ಬಾಯಿ ಬಿಡಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು? ಅವರು ನನಗೆ ಕೊಟ್ಟದ್ದೂ ತಪ್ಪೇ, ಕೆಲಸ ಹೇಗೂ ಹೋಗುತ್ತಿತ್ತು ಎಂದು ಲೆಕ್ಕ ಹಾಕಿ ಮನಸ್ಸಿಗೆ ಮುಲಾಮು ಹಚ್ಚಿಕೊಂಡೆ. ನಿಜವಾಗಿ ನಾನು ಹೆದರಿದ್ದು ಬೇರೆಯದಕ್ಕೆ. ಗ್ರೂಪಿನಿಂದ ಹೊರಗೆ ಹಾಕುತ್ತಾರೆ, ಶೋಗೆ ಸೇರಿಸುವುದಿಲ್ಲ, ಮತ್ತೆ ನನಗೆ ಮುಲುಂಡು ಮತ್ತು ಏರ್ ಕೂಲರ್ ಎರಡೇ ಉಳಿಯುತ್ತವೆ ಎಂಬುದಕ್ಕೆ. ಮೊದಲು ಹಾಕಿದವರು ಯಾರೆಂದು ಜೂಡ್ ವಿಚಾರಿಸಿದಾಗ ಗ್ರೂಪಿನ ಯಾರೂ ನನ್ನ ಹೆಸರು ಹೇಳಲಿಲ್ಲ. ಅಷ್ಟು ದಿನ ನನ್ನನ್ನು ಗೇಲಿ ಮಾಡಿದವರೇ ಈಗ ಬೆನ್ನು ತಟ್ಟಿ ಖಾಸಗಿ ಮೆಸೇಜು ಕಳಿಸಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅನ್ನುತ್ತಾರೆ. ನನಗೆ ಮಾನ ಹೋದಾಗಲೇ ಮರ್ಯಾದೆ ಬಂತು.

ಆ ಧಂದೆಯಲ್ಲಿ ಸುದ್ದಿ ಬೇಗ ಹರಡುತ್ತದೆ. ರೆಕಾರ್ಡಿಂಗ್ ಮಾರುವವನು ಎಂದು ರಫೀಕ್ ಭಾಯ್‌ಗೆ ಹೆಸರು ಬಂತು. ಮಾರಿದ್ದು ಎಲ್ಲಿ, ಯಾರಿಗೆ ಎಂದು ಯಾರೂ ಕೇಳಲಿಲ್ಲ. ಯಾರೂ ಅವರನ್ನು ಮತ್ತೆ ಮೇಜಿಗೆ ಕರೆಯಲಿಲ್ಲ. ಇತ್ತ ಬ್ಯಾಂಡು, ಇಷ್ಟು ಜನ ಕೇಳುತ್ತಿದ್ದಾರಲ್ಲ ಎಂದು, ಗಣಪತಿ ಹಬ್ಬದ ಹೊತ್ತಿಗೆ ಹಾಡನ್ನು ಬಿಡುಗಡೆ ಮಾಡಿತು. ಅದಕ್ಕೆ 'ಪತ್ರಾ' ಎಂದು ಹೆಸರಿಟ್ಟಿದ್ದರು, ತಗಡು ಅಂತ. ಶುರುವಿನಲ್ಲಿ ತಗಡಿನ ಮೇಲೆ ಮಳೆ ಬೀಳುವ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಸೇರಿಸಿದ್ದರು. ಹಾಡು ಎಲ್ಲೆಲ್ಲಿಗೋ ಹೋಯಿತು. ಸೀಲನ್ ದೊಡ್ಡದಾಯಿತು.

ಅಕ್ಟೋಬರಿನಲ್ಲಿ, ಮಳೆ ಪೂರ್ತಿ ನಿಂತ ಮೇಲೆ, ಎಲ್ಲ ಹೇಳಿಬಿಡಬೇಕೆಂದು ಕುರ್ಲಾಕ್ಕೆ ಹೋದೆ. ಸ್ಟೇಶನ್ನಿನಿಂದ ಹತ್ತು ನಿಮಿಷ. ಮಂಟಪಗಳಿಗೆ ಮೈಕ್ ಸೆಟ್ ಕೊಡುವ ಒಬ್ಬರ ಅಂಗಡಿಯಲ್ಲಿ ಅವರು ಕೆಟ್ಟ ಸ್ಪೀಕರ್ ಬಿಚ್ಚಿಕೊಂಡು ಕೂತಿದ್ದರು. ಕತ್ತಿನಲ್ಲಿ ಹೆಡ್‌ಫೋನ್ ಇರಲಿಲ್ಲ. ನನ್ನನ್ನು ಕಂಡು ಅವರ ಮುಖ ಅರಳಿದ್ದು ನೋಡಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮೊದಲ ವಾಕ್ಯ ಮರೆತೇಹೋಯಿತು. ಚಹಾ ತರಿಸಿದರು. ಮಗಳು ಹತ್ತನೇ ಇಯತ್ತೆ ಎಂದರು. ನನ್ನ ಅಮ್ಮನ ಮೊಣಕಾಲು ನೋವು ವಿಚಾರಿಸಿದರು.

"ಭಾಯ್, ನಿಮಗೊಂದು ಹೇಳೂದದ," ಎಂದೆ.

"ಹೇಳೂದು ಇರಲಿ. ಆ ಹಾಡು ದೊಡ್ಡ ಸ್ಪೀಕರದಾಗ ಕೇಳೀಯೇನು? ಫೋನಿನ್ಯಾಗ ನಾ ಕೇಳೇನಿ, ಅದು ಕೇಳಿದಂಗ ಅಲ್ಲ. ಉಸಿರು ಇಟ್ಟಾರೋ, ತಗದಾರೋ?"

"ಇಟ್ಟಾರ."

"ಇಟ್ರೇನು!" ಎಂದು ತೊಡೆ ತಟ್ಟಿಕೊಂಡರು. ಡಿಸೆಂಬರಿನಲ್ಲಿ ಸೀಲನ್‌ನ ಮೊದಲ ಬಯಲು ಶೋ ಇತ್ತು. ತಾವು ಬರುವಂತಿಲ್ಲ, ಗೇಟಿನಲ್ಲಿ, ವೇದಿಕೆ ಹಿಂದೆ ಎಲ್ಲ ಗುರುತಿನವರೇ, ಮುಖ ತೋರಿಸಲಾಗದು ಅಂದರು. "ನೀ ಹೋಗ್ತೀಯಲ್ಲ. ಆ ಹಾಡು ಬಂದಾಗ ನನಗ ಫೋನ್ ಹಚ್ಚು, ಕೈ ಮ್ಯಾಲ ಎತ್ತಿ ಹಿಡಿ. ಅಷ್ಟು ಮಾಡು ಸಾಕು." ಹೇಳಬೇಕೆಂದು ಹೋದವನು "ಆತು ಭಾಯ್" ಎಂದು ಎದ್ದು ಬಂದೆ.

ಡಿಸೆಂಬರಿನ ಸಂಜೆ, ಬಯಲಿನಲ್ಲಿ ಸಾವಿರಾರು ಜನ. ಇರಾ ಈಗ ಕೈ ಎತ್ತುತ್ತಿರಲಿಲ್ಲ. ಎಲ್ಲರ ಫೋನುಗಳೂ ಮೇಲೆಯೇ ಇದ್ದವು. ಏಳೂವರೆಯ ಹೊತ್ತಿಗೆ 'ಪತ್ರಾ'ದ ಸರದಿ ಬಂತೆಂದು ತಿಳಿದು ರಫೀಕ್ ಭಾಯ್‌ಗೆ ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದರು. "ಹಾಂ, ಎತ್ತಿ ಹಿಡಿ, ಎತ್ತಿ ಹಿಡಿ," ಅಂದರು. ತೋಳು ನೋಯುವಷ್ಟು ಎತ್ತರಕ್ಕೆ ಹಿಡಿದೆ.

ಹಾಡು ಶುರುಮಾಡುವ ಮುಂಚೆ ಜೂಡ್ ಮೈಕ್ ಹಿಡಿದ. ಎಂದೂ ಮಾತಾಡದವನು ಅಂದು ಮಾತಾಡಿದ. ಈ ಹಾಡು ಆಗಸ್ಟಿನಲ್ಲಿ ಕಳುವಾಗಿತ್ತು, ಆಗ ತಮಗೆ ಬಹಳ ಸಿಟ್ಟು ಬಂದಿತ್ತು, ಈಗ ಯೋಚಿಸಿದರೆ ಆ ಕಳ್ಳತನ ಇಲ್ಲದಿದ್ದರೆ ಇವತ್ತು ಇಲ್ಲಿ ಇಷ್ಟು ಜನ ಇರುತ್ತಿರಲಿಲ್ಲ ಎಂದು ಇಂಗ್ಲಿಷು ಹಿಂದಿ ಬೆರೆಸಿ ಹೇಳಿದ. ಜನ ಕೂಗಿದರು. ಹಾಕಿದವರು ಯಾರೆಂದು ಹೋದ ವಾರವಷ್ಟೇ ಫ್ಯಾನ್ ಗ್ರೂಪಿನವರು ಬಾಯಿಬಿಟ್ಟರು ಎಂದು ನಕ್ಕ. ನನ್ನ ಕೈ ಕೆಳಗಿಳಿಯಬೇಕಿತ್ತು. ಇಳಿಯಲಿಲ್ಲ.

"ಮುಲುಂಡ್‌ವಾಲಾ ಗಿರಿ! ಜಹಾಂ ಭೀ ಹೈ, ಥ್ಯಾಂಕ್ಯೂ ಯಾರ್!"

ಬಯಲಿಗೆ ಬಯಲೇ ಚಪ್ಪಾಳೆ ತಟ್ಟಿತು. ಗ್ರೂಪಿನವರು ನನ್ನ ಭುಜ ಹಿಡಿದು ಕುಲುಕಿದರು. ಹಾಡು ಶುರುವಾಯಿತು, ಐದು ನಿಮಿಷ ನಡೆಯಿತು, ಮುಗಿಯಿತು. ಅಷ್ಟು ಹೊತ್ತೂ ಫೋನನ್ನು ಎತ್ತಿಯೇ ಹಿಡಿದಿದ್ದೆ. ಕಿವಿಗೆ ತಂದುಕೊಳ್ಳುವ ಧೈರ್ಯ ಇರಲಿಲ್ಲ.

ತಂದುಕೊಂಡಾಗ ಲೈನ್ ಇನ್ನೂ ಇತ್ತು. ಆ ಕಡೆ ಕುರ್ಲಾದ ರಿಕ್ಷಾಗಳ ಸದ್ದು, ಅವರ ಉಸಿರು.

"ಬೇಸ್ ಭಾಳ ಆಗೈತಿ," ಅಂದರು ರಫೀಕ್ ಭಾಯ್. ದನಿ ಮೆತ್ತಗಿತ್ತು. "ಆಕೀ ದನಿ ಮುಚ್ಚಿ ಹೋಗಾಕತ್ತೈತಿ. ಯಾರು ಕುಂತಾರ ಡೆಸ್ಕ್ ಮ್ಯಾಲ?"

"ಗೊತ್ತಿಲ್ಲ ಭಾಯ್."

ಅವರು ಫೋನನ್ನು ಇಡಲಿಲ್ಲ. ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ನಾನು ಒಂದು ಮಾತು ಆಡುತ್ತೇನೆಂದು ಅವರು ಕಾಯುತ್ತಿದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ವೇದಿಕೆಯ ಮೇಲೆ ಮುಂದಿನ ಹಾಡು ಶುರುವಾಯಿತು, ಏನೂ ಕೇಳಿಸುತ್ತಿಲ್ಲ ಎನ್ನಲು ಅಷ್ಟು ನೆಪ ಸಾಕಾಯಿತು. ಫೋನ್ ಇಟ್ಟವನು ನಾನು.